ಜಾಲಿಯ ಬುಡ, ಎದೆಯ ಗಂಟು

ಬಳ್ಳಾರಿಯಲ್ಲಿ ಆಶಾ ಕಾರ್ಯಕರ್ತೆಯರು, ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಸುತ್ತಲಿನ ಹಳ್ಳಿಗಳಿಂದ ಬಂದಿದ್ದ ಹೆಣ್ಣುಮಕ್ಕಳ ಮುಂದೆ ಆಡಿದ ಮಾತು. ಬರೆದುಕೊಳ್ಳುವಾಗ ಅಲ್ಲಲ್ಲಿ ತಿದ್ದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಫ್ಯಾನಿನ ಸದ್ದು ಜಾಸ್ತಿ ಇದೆ. ಆರಿಸಿ ಅನ್ನುವ ಧೈರ್ಯ ಈ ಊರಿನಲ್ಲಿ ನನಗಿಲ್ಲ. ಮೈಕನ್ನೇ ಹತ್ತಿರ ಹಿಡಿದುಕೊಳ್ಳುತ್ತೇನೆ.

ಕ್ಯಾನ್ಸರ್ ಬಗ್ಗೆ ಮಾತಾಡಲು ಕರೆದಿದ್ದೀರಿ. ನಾನು ಜಾಲಿಯಿಂದ ಶುರು ಮಾಡುತ್ತೇನೆ. ಅದಕ್ಕೆ ನಮ್ಮ ಜಿಲ್ಲೆಯ ಹೆಸರೇ ಅಂಟಿಕೊಂಡಿದೆ, ಬಳ್ಳಾರಿ ಜಾಲಿ ಅಂತ. ಬೇರೆ ಕಡೆಯವರು ಆ ಹೆಸರು ಹೇಳುವಾಗ ನಮ್ಮನ್ನೇ ಬೈದ ಹಾಗಿರುತ್ತದೆ. ನಿಜ ಹೇಳಬೇಕೆಂದರೆ ಗಿಡ ನಮ್ಮದಲ್ಲ. ಅಮೆರಿಕ ಖಂಡದ ಗಿಡ, 19ನೇ ಶತಮಾನದಲ್ಲಿ ಇಲ್ಲಿಗೆ ಬಂತು. ಬಂದದ್ದು ಹೋಗಲಿಲ್ಲ.

ಸಿರುಗುಪ್ಪ ತಾಲ್ಲೂಕಿನ ನಮ್ಮ ಹೊಲದ ಬದುವಿನಲ್ಲಿ ಅಪ್ಪ ಪ್ರತಿ ಬೇಸಿಗೆ ಜಾಲಿ ಕಡಿಸುತ್ತಿದ್ದ. ದಪ್ಪ ಕಟ್ಟಿಗೆ ಇದ್ದಿಲು ಸುಡುವವರಿಗೆ, ಮುಳ್ಳು ಬೇಲಿಗೆ. ಸಂಜೆಗೆ ಬದು ಬೋಳು. ಎರಡು ಮಳೆ ಬಿದ್ದರೆ ಸಾಕು, ಕಡಿದ ಬೊಡ್ಡೆಯಲ್ಲಿ ಒಂದರ ಬದಲು ಹತ್ತು ಚಿಗುರು. ಅಪ್ಪನ ಬೈಗುಳವೂ ಪ್ರತಿ ವರ್ಷ ಅದೇ. ಕೊನೆಗೆ ಒಂದು ವರ್ಷ ಜೆಸಿಬಿ ತರಿಸಿ ಬುಡ ಸಮೇತ ಕೀಳಿಸಿದ. ಬದುವಿನ ಜಾಲಿ ಹೋಯಿತು. ಮರುವರ್ಷ ನೋಡಿದರೆ ಬಾವಿಯ ಪಕ್ಕ, ಆಡು ಕಟ್ಟುವ ಜಾಗದಲ್ಲಿ ಸಸಿಗಳು ಎದ್ದಿದ್ದವು. ಆಡುಗಳು ಕಾಯಿ ತಿಂದಿದ್ದವು. ಬೀಜ ಅವುಗಳ ಹೊಟ್ಟೆಯಲ್ಲೇ ಸವಾರಿ ಮಾಡಿ ಹಿಕ್ಕೆಯ ಜೊತೆ ಇಳಿದಿತ್ತು. ಜೆಸಿಬಿ ಬರುವ ಮುಂಚೆಯೇ ಬೀಜ ಅಲ್ಲಿಗೆ ಹೋಗಿ ಆಗಿತ್ತು.

ಈ ಕೊನೆಯ ಮಾತನ್ನು ನೆನಪಿಡಿ. ಮತ್ತೆ ಇಲ್ಲಿಗೇ ಬರುತ್ತೇನೆ.

ಈಗ ನನ್ನ ಚಿಗವ್ವನ ಕಥೆ. ಅವಳಿಗೆ ನಲವತ್ನಾಲ್ಕು ವಯಸ್ಸು. ಹತ್ತಿ ಬಿಡಿಸುವ ದಿನಗಳು. ಉಡಿ ಕಟ್ಟಿಕೊಳ್ಳುವಾಗ ಎಡ ಎದೆಯಲ್ಲಿ ಗಂಟು ಕೈಗೆ ತಾಕಿತು. ನೋವಿರಲಿಲ್ಲ. ನೋವಿಲ್ಲದ್ದು ರೋಗವಲ್ಲ ಅಂದುಕೊಂಡಳು. ಐದು ತಿಂಗಳು ಯಾರಿಗೂ ಹೇಳಲಿಲ್ಲ. ನಮ್ಮ ಮನೆಗಳಲ್ಲಿ ‘ಸ್ತನ’ ಅನ್ನುವ ಪದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಲ್ವಾ? ಎದ್ಯಾಗ ಗಂಟು ಅಂತ ಅಕ್ಕನ ಕಿವಿಯಲ್ಲಿ ಹೇಳಬೇಕು, ಅಕ್ಕ ಭಾವನಿಗೆ ಹೇಳಬೇಕು, ಆಮೇಲೆ ಗಂಡಸರು ಗಾಡಿ ಮಾಡಬೇಕು. ಅಂತೂ ಆಪರೇಷನ್ ಆಯಿತು, ಕಿಮೋ ಆಯಿತು, ರೇಡಿಯೇಷನ್ ಆಯಿತು. ಐದು ವರ್ಷ ನುಂಗಬೇಕು ಅಂತ ಟ್ಯಾಮಾಕ್ಸಿಫೆನ್ ಮಾತ್ರೆ ಬರೆದುಕೊಟ್ಟರು. ಎರಡು ವರ್ಷಕ್ಕೆ ಬಿಟ್ಟಳು. ಯಾಕೆ ಅಂದರೆ, “ಗಡ್ಡಿ ತೆಗದಾರ. ಇಲ್ಲದ ಗಡ್ಡಿಗೆ ಯಾಕ ಗುಳಿಗಿ?”

ನಾನು ಆಗ ಪ್ರಯೋಗಾಲಯದಲ್ಲಿ ಕೂತು ಸ್ತನ ಕ್ಯಾನ್ಸರ್ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುತ್ತಿದ್ದೆ. ದಿನಕ್ಕೆ ಹತ್ತು ತಾಸು ಅವುಗಳದೇ ಧ್ಯಾನ. ಮನೆಯಲ್ಲೇ ಒಬ್ಬಳು ಮಾತ್ರೆ ಬಿಟ್ಟದ್ದು ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲೇ ಇಲ್ಲ. ಇವತ್ತಿನ ನನ್ನ ಮಾತೆಲ್ಲ ಚಿಗವ್ವನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಒಂದು ಸರಳ ವಿಷಯ. ಎದೆಯಲ್ಲಿರುವ ಗಂಟು ಎದೆಯಲ್ಲೇ ಇದ್ದರೆ ಸಾಮಾನ್ಯವಾಗಿ ಜೀವ ತೆಗೆಯುವುದಿಲ್ಲ. ಉಸಿರಾಡಲು ಸ್ತನ ಬೇಕಾಗಿಲ್ಲ, ರಕ್ತ ಶುದ್ಧಿಗೆ ಬೇಕಾಗಿಲ್ಲ. ಅದೇ ಕ್ಯಾನ್ಸರ್ ಮೂಳೆಗೆ, ಶ್ವಾಸಕೋಶಕ್ಕೆ, ಲಿವರಿಗೆ, ಮೆದುಳಿಗೆ ಹೋಗಿ ಕೂತಾಗ ಜೀವಕ್ಕೆ ಕುತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿಯ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು, ಸುಮಾರು 98 ಸಾವಿರ ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಸತ್ತದ್ದು ಗಂಟಿನಿಂದಲ್ಲ, ಗಂಟಿನಿಂದ ಹೊರಟು ಹೋದ ಬೀಜದಿಂದ.

ಹಾಗಾದರೆ ಗಂಟಿನಲ್ಲಿರುವ ಎಲ್ಲ ಕೋಶವೂ ಬೀಜವೇ? ಒಂದು ಸೆಂಟಿಮೀಟರ್ ಗಂಟು, ಅಂದರೆ ತೊಗರಿ ಕಾಳಿಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಕೋಟಿಗಟ್ಟಲೆ ಕೋಶ. ಎಲ್ಲವೂ ಬೀಜವಾಗಿದ್ದರೆ ಯಾರೂ ಬದುಕುತ್ತಿರಲಿಲ್ಲ.

ಇದಕ್ಕೆ ಉತ್ತರ ಹುಡುಕಲು ಮೊದಲು ಆರೋಗ್ಯದ ಎದೆಯನ್ನೇ ನೋಡಬೇಕು. ಹೆಣ್ಣಿನ ಮೈಯಲ್ಲಿ ಇಷ್ಟು ಸಲ ಕಟ್ಟಿ ಕೆಡವುವ ಜಾಗ ಬೇರೆ ಕಡಿಮೆ. ದೊಡ್ಡವಳಾದಾಗ ಬೆಳೆಯುತ್ತದೆ. ಬಸಿರಿನಲ್ಲಿ ಹಾಲಿನ ಚೀಲಗಳು ಗೊಂಚಲು ಗೊಂಚಲಾಗಿ ಮೂಡುತ್ತವೆ. ಮಗು ಹಾಲು ಬಿಟ್ಟ ಮೇಲೆ ಅವೆಲ್ಲ ಮುದುಡಿ ಹೋಗುತ್ತವೆ. ಮುಂದಿನ ಬಸಿರಿಗೆ ಮತ್ತೆ ಹೊಸದು. ಹೀಗೆ ಮತ್ತೆ ಮತ್ತೆ ಚಿಗುರಬೇಕಾದರೆ ಒಳಗೆ ಎಲ್ಲೋ ಒಂದು ಬುಡ ಇರಲೇಬೇಕು. 2006ರಲ್ಲಿ ಮೆಲ್ಬರ್ನಿನ ಸಂಶೋಧಕರು ಅದನ್ನು ತೋರಿಸಿದರು. ಇಲಿಯ ಮೊಲೆಯಿಂದ ಒಂದೇ ಒಂದು ಕೋಶ ಆರಿಸಿ ಇನ್ನೊಂದು ಇಲಿಗೆ ಹಾಕಿದರು. ಆ ಒಂದರಿಂದ ಇಡೀ ಹಾಲಿನ ಗ್ರಂಥಿ ಬೆಳೆಯಿತು, ನಾಳಗಳ ಸಮೇತ.

ಇಂಥ ಕೋಶಕ್ಕೆ ಇಂಗ್ಲಿಷಿನಲ್ಲಿ ಸ್ಟೆಮ್ ಸೆಲ್ ಅನ್ನುತ್ತಾರೆ. ನಮ್ಮ ಪಠ್ಯಪುಸ್ತಕದಲ್ಲಿ ಕಾಂಡಕೋಶ ಅಂತ ಇದೆ. ನನಗೆ ಆ ಪದ ಹಿಡಿಸುವುದಿಲ್ಲ. ಕಾಂಡ ಕಡಿದರೂ ಚಿಗುರುವುದು ಬುಡ. ಬುಡಕೋಶ ಅಂದರೆ ನಮ್ಮಪ್ಪನಿಗೂ ಅರ್ಥವಾಗುತ್ತಿತ್ತು. ಇವತ್ತಿನ ಮಟ್ಟಿಗೆ ಹಾಗೇ ಕರೆಯುತ್ತೇನೆ, ಪರೀಕ್ಷೆಯಲ್ಲಿ ಮಾತ್ರ ಬರೆಯಬೇಡಿ, ಮಾರ್ಕ್ಸ್ ಹೋಗುತ್ತದೆ.

ಕ್ಯಾನ್ಸರಿಗೂ ಇಂಥ ಬುಡ ಇದೆಯಾ ಅನ್ನುವ ಪ್ರಶ್ನೆಗೆ ಮೊದಲು ಉತ್ತರ ಸಿಕ್ಕಿದ್ದು ರಕ್ತದ ಕ್ಯಾನ್ಸರಿನಲ್ಲಿ. 1990ರ ದಶಕದಲ್ಲಿ ಕೆನಡಾದ ಟೊರಾಂಟೊದಲ್ಲಿ ಜಾನ್ ಡಿಕ್ ಅವರ ತಂಡ ಅದನ್ನು ತೋರಿಸಿತು. ಗಂಟು ಕಟ್ಟುವ ಕ್ಯಾನ್ಸರುಗಳಲ್ಲಿ ಮೊದಲ ಸರದಿ ಸ್ತನದ್ದು. 2003ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಕ್ಲಾರ್ಕ್, ಮ್ಯಾಕ್ಸ್ ವಿಚಾ ಮತ್ತವರ ಜೊತೆಗಾರರು ಮಾಡಿದ ಕೆಲಸ ಇದು. ಪ್ರತಿ ಕೋಶದ ಮೈಮೇಲೆ ಹಲವು ಬಗೆಯ ಪ್ರೋಟೀನ್ ಇರುತ್ತವೆ, ಚೀಲದ ಮೇಲಿನ ಗುರುತಿನ ಹಾಗೆ. ರೋಗಿಗಳ ಗಂಟಿನ ಕೋಶಗಳನ್ನು ಆ ಗುರುತು ನೋಡಿ ಬೇರೆ ಬೇರೆ ಮಾಡಿದರು. ಸಿಡಿ44 ಅನ್ನುವ ಗುರುತು ಇದ್ದು, ಸಿಡಿ24 ಅನ್ನುವುದು ಇಲ್ಲದ ಅಥವಾ ತೀರ ಕಡಿಮೆ ಇರುವ ಕೋಶಗಳು ಒಂದು ಕಡೆ. ಉಳಿದವು ಇನ್ನೊಂದು ಕಡೆ. ರೋಗನಿರೋಧಕ ಶಕ್ತಿ ಕುಗ್ಗಿಸಿದ ಇಲಿಗಳಿಗೆ ಎರಡನ್ನೂ ಚುಚ್ಚಿದರು. ಮೊದಲ ಗುಂಪಿನ ಬರೀ 100 ಕೋಶ ಹಾಕಿದರೂ ಗಂಟು ಬೆಳೆಯಿತು. ಎರಡನೇ ಗುಂಪಿನದು ಸಾವಿರಾರು ಹಾಕಿದರೂ ಏನೂ ಆಗಲಿಲ್ಲ.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು ಮುಂದಿನ ಭಾಗ. ಹೊಸದಾಗಿ ಬೆಳೆದ ಗಂಟನ್ನು ಬಿಚ್ಚಿ ನೋಡಿದರೆ ಅದರಲ್ಲಿ ಎಲ್ಲ ಜಾತಿಯ ಕೋಶವೂ ಇದ್ದವು. ಬುಡಕೋಶ ಸ್ವಲ್ಪ, ಉಳಿದವು ಬಹಳ. ಹಳೆಯ ಗಂಟಿನ ಲೆಕ್ಕಾಚಾರವೇ ಮತ್ತೆ. ಬುಡ ತನ್ನನ್ನೂ ಉಳಿಸಿಕೊಂಡಿತು, ಎಲೆ ಟೊಂಗೆಯನ್ನೂ ಮಾಡಿಕೊಂಡಿತು.

ಇದನ್ನು ಕೇಳಿದರೆ ಮುಂದಿನ ದಾರಿ ಸುಲಭ ಅನ್ನಿಸುತ್ತದೆ. ಬುಡ ಹುಡುಕು, ಕಿತ್ತು ಹಾಕು, ಮುಗೀತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ಲರೂ ಹೀಗೇ ಮಾತಾಡುತ್ತಿದ್ದರು. ಹತ್ತು ವರ್ಷದಲ್ಲಿ ಔಷಧಿ ಬರುತ್ತದೆ ಅಂತ. ಅಷ್ಟು ಸುಲಭವಾಗಲಿಲ್ಲ. ಎರಡು ತೊಡಕು ಬಂದವು.

ಒಂದು, 2008ರಲ್ಲಿ ಚರ್ಮದ ಮೆಲನೋಮ ಕ್ಯಾನ್ಸರ್ ಮೇಲೆ ನಡೆದ ಕೆಲಸ. ರೋಗನಿರೋಧಕ ಶಕ್ತಿಯನ್ನು ಇನ್ನೂ ಜಾಸ್ತಿ ಕುಗ್ಗಿಸಿದ ಇಲಿಗಳನ್ನು ತೆಗೆದುಕೊಂಡರು. ಆಗ ಸುಮಾರು ನಾಲ್ಕರಲ್ಲಿ ಒಂದು ಕೋಶ ಗಂಟು ಕಟ್ಟಿತು. ಅಂದರೆ ಯಾವುದು ಬೀಜ, ಯಾವುದು ಜೊಳ್ಳು ಅನ್ನುವ ತೀರ್ಪನ್ನು ನೆಲವೂ ಕೊಡುತ್ತದೆ. ಹದವಾದ ಮಡಿಯಲ್ಲಿ ಮೊಳೆತ ಕಾಳು ಕಲ್ಲು ನೆಲದಲ್ಲಿ ಮೊಳೆಯದಿದ್ದರೆ ಅದನ್ನು ಜೊಳ್ಳು ಅನ್ನುತ್ತೀರಾ?

ಎರಡನೆಯದು ಇನ್ನೂ ಕಷ್ಟದ್ದು. ಸಾಮಾನ್ಯ ಕ್ಯಾನ್ಸರ್ ಕೋಶವೇ ಸಂದರ್ಭ ನೋಡಿ ಬುಡಕೋಶ ಆಗಬಲ್ಲದು. ಇದು ಹುಟ್ಟಿನಿಂದ ಬಂದ ಜಾತಿ ಅಲ್ಲ, ಹಾಕಿಕೊಂಡ ವೇಷ. ಬಯಲಾಟದಲ್ಲಿ ಒಬ್ಬನೇ ಎರಡು ಪಾತ್ರ ಮಾಡುವುದಿಲ್ಲವೇ, ಹಾಗೆ. ನಾನಂತೂ ಈಗ ‘ಬುಡಕೋಶ’ ಅನ್ನುವುದನ್ನು ಒಂದು ಬಗೆಯ ಕೋಶ ಅಂತ ನೋಡುವುದಿಲ್ಲ, ಕೋಶ ಇರುವ ಒಂದು ಸ್ಥಿತಿ ಅಂತ ನೋಡುತ್ತೇನೆ. ಎಲ್ಲರೂ ಇದನ್ನು ಒಪ್ಪುವುದಿಲ್ಲ, ಚರ್ಚೆ ಇದೆ.

ಕಿಮೋ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಕಿಮೋ ಹೆಚ್ಚಾಗಿ ಬೇಗ ಬೇಗ ಇಬ್ಭಾಗವಾಗುವ ಕೋಶಗಳನ್ನು ಹೊಡೆಯುತ್ತದೆ. ಕೂದಲು ಉದುರುವುದು ಅದಕ್ಕೇ, ಕೂದಲ ಬುಡದ ಕೋಶಗಳೂ ಬೇಗ ಬೆಳೆಯುವಂಥವು. ಕ್ಯಾನ್ಸರಿನ ಬುಡಕೋಶ ಎಷ್ಟೋ ಸಲ ನಿಧಾನಸ್ಥ. ಸುಮ್ನೆ ಕೂತಿರುತ್ತದೆ. ಜೊತೆಗೆ ಒಳಗೆ ಬಂದ ಔಷಧಿಯನ್ನು ಹೊರಕ್ಕೆ ತಳ್ಳುವ ಪಂಪುಗಳನ್ನು ಇಟ್ಟುಕೊಂಡಿರುತ್ತದೆ. ಆಪರೇಷನ್ನಿಗೆ ಮುಂಚೆ ಕಿಮೋ ಕೊಟ್ಟವರಲ್ಲಿ ಗಂಟು ಕುಗ್ಗಿದರೂ, ಉಳಿದ ಕೋಶಗಳಲ್ಲಿ ಬುಡಕೋಶದ ಗುರುತು ಇರುವವುಗಳ ಪಾಲು ಹೆಚ್ಚಾದದ್ದನ್ನು 2008ರಲ್ಲೇ ಕಂಡಿದ್ದಾರೆ. ಇದನ್ನು ಕೇಳಿ ಕಿಮೋ ಬೇಡ ಅಂತ ಮನೆಗೆ ಹೋಗಬೇಡಿ, ದಯವಿಟ್ಟು. ಕಿಮೋದಿಂದ ಉಳಿದ ಜೀವಗಳು ಲೆಕ್ಕವಿಲ್ಲದಷ್ಟು. ನಾನು ಹೇಳುವುದು ಇಷ್ಟೇ. ಸ್ಕ್ಯಾನಿನಲ್ಲಿ ಗಂಟು ಕರಗಿತು ಅನ್ನುವುದೂ, ರೋಗ ಮುಗಿಯಿತು ಅನ್ನುವುದೂ ಒಂದೇ ಅಲ್ಲ. ಅದಕ್ಕೇ ಡಾಕ್ಟರು “ಚೆನ್ನಾಗಿ ಕರಗಿದೆ” ಅಂದ ಮೇಲೂ ಆಪರೇಷನ್ ಮಾಡುತ್ತಾರೆ.

ಈಗ ಪ್ರಯಾಣ. ಬುಡ ಇದ್ದಲ್ಲೇ ಇದ್ದರೆ ಕೀಳಬಹುದಿತ್ತು. ಅದು ಊರು ಬಿಡುವುದು ಹೇಗೆ?

ಹಾಲಿನ ನಾಳದ ಒಳಗೋಡೆಯ ಕೋಶಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ, ಗಾರೆ ಹಾಕಿದ ಇಟ್ಟಿಗೆಯಂತೆ. ಆ ಗಾರೆ ಒಂದು ಪ್ರೋಟೀನು, ಇ-ಕ್ಯಾಡ್ಹೆರಿನ್. ಅಲೆಯಬೇಕಾದ ಕೋಶ ಆ ಗಾರೆಯನ್ನು ಬಿಡುತ್ತದೆ. ಚೌಕ ಇದ್ದದ್ದು ಉದ್ದವಾಗುತ್ತದೆ, ಹರಿದಾಡುತ್ತದೆ. ಈ ವಿದ್ಯೆಯನ್ನು ಕ್ಯಾನ್ಸರ್ ಹೊಸದಾಗಿ ಕಲಿತದ್ದಲ್ಲ. ನಾವೆಲ್ಲ ಅವ್ವನ ಹೊಟ್ಟೆಯಲ್ಲಿದ್ದಾಗ ನಮ್ಮ ಕೋಶಗಳು ಹೀಗೇ ಹರಿದಾಡಿ ತಮ್ಮ ತಮ್ಮ ಜಾಗ ಸೇರಿದ್ದವು. ಗಾಯ ಮಾಯುವಾಗಲೂ ಚರ್ಮದ ಕೋಶಗಳು ಇದೇ ರೀತಿ ಸರಿಯುತ್ತವೆ. ಕ್ಯಾನ್ಸರ್ ಹಳೆಯ ಪೆಟ್ಟಿಗೆ ತೆಗೆದು ಆ ವಿದ್ಯೆಯನ್ನು ಮತ್ತೆ ಬಳಸುತ್ತದೆ, ಅಷ್ಟೇ.

2008ರಲ್ಲಿ ಅಮೆರಿಕದಲ್ಲಿ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ ಸೆಂದುರೈ ಮಣಿ ಮತ್ತಿತರರು ಸ್ತನದ ಕೋಶಗಳಲ್ಲಿ ಈ ಬದಲಾವಣೆಯನ್ನು ಬೇಕೆಂದೇ ತಂದರು. ಅಲೆಮಾರಿಯಾದ ಕೋಶಗಳ ಮೇಲೆ ಬುಡಕೋಶದ ಗುರುತು ಕಂಡಿತು. ಸಿಡಿ44 ಜಾಸ್ತಿ, ಸಿಡಿ24 ಕಡಿಮೆ. ನೋಡಿ, ಜಾಲಿಯ ಕಥೆಯ ಎರಡು ತುದಿ ಇಲ್ಲಿ ಕೂಡಿಕೊಂಡವು. ಬೊಡ್ಡೆಯ ಚಿಗುರುವ ಶಕ್ತಿ, ಆಡಿನ ಹೊಟ್ಟೆಯಲ್ಲಿ ಹೋದ ಬೀಜದ ಅಲೆಯುವ ಶಕ್ತಿ. ಎರಡೂ ಒಂದೇ ಕೋಶದಲ್ಲಿ.

ಪೂರ್ತಿ ಅಲೆಮಾರಿಯಾದದ್ದೇ ಹೆಚ್ಚು ಅಪಾಯ ಅಂತ ಆಗ ಅಂದುಕೊಂಡಿದ್ದೆವು. ಅದೂ ಬದಲಾಯಿತು. ಅರ್ಧ ಬಿಟ್ಟು ಅರ್ಧ ಹಿಡಿದುಕೊಂಡ ಕೋಶಗಳು, ಗುಂಪಾಗಿ ಹೊರಟವು, ಹೆಚ್ಚು ಅಪಾಯಕಾರಿ ಅನ್ನುವ ಕಡೆಗೆ ಈಗ ಪುರಾವೆ ವಾಲುತ್ತಿದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಮೋಹಿತ್ ಕುಮಾರ್ ಜಾಲಿ ಅವರು ಗಣಿತದ ಮಾದರಿ ಹಾಕಿ ಈ ಅರೆಬರೆ ಸ್ಥಿತಿಯನ್ನು ಅಳೆಯುತ್ತಾರೆ. ಅವರ ಹೆಸರಲ್ಲೂ ಜಾಲಿ ಇದೆ, ಅದು ನನ್ನ ತಪ್ಪಲ್ಲ. ಅದೇ ಸಂಸ್ಥೆಯಲ್ಲಿ ಅನ್ನಪೂರ್ಣಿ ರಂಗರಾಜನ್ ಅವರು ಸ್ತನ ಕ್ಯಾನ್ಸರಿನ ಬುಡಕೋಶಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ನೆಲೆ ತಪ್ಪಿದ ಕೋಶ ಸಾಯದೆ ಹೇಗೆ ಉಳಿಯುತ್ತದೆ ಅನ್ನುವುದು ಅವರ ಪ್ರಶ್ನೆಗಳಲ್ಲಿ ಒಂದು. ನರ್ಸಿಂಗ್ ಓದುವ ಹುಡುಗಿಯರು ಇದನ್ನು ಕೇಳಿಸಿಕೊಳ್ಳಿ. ಈ ಕೆಲಸ ಇಲ್ಲಿಂದ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಸಿಗುವ ಊರಿನಲ್ಲಿ ನಡೆಯುತ್ತಿದೆ.

ರಕ್ತಕ್ಕೆ ಬಿದ್ದ ಕೋಶದ ಗತಿ ಸುಖದ್ದಲ್ಲ. ನೆಲೆ ಇಲ್ಲ, ಹರಿವಿನ ಹೊಡೆತ, ಬಿಳಿ ರಕ್ತಕಣಗಳ ಕಾವಲು. 1970ರಲ್ಲಿ ಐಸೇಯ ಫಿಡ್ಲರ್ ಅನ್ನುವ ವಿಜ್ಞಾನಿ ಗುರುತು ಹಾಕಿದ ಕ್ಯಾನ್ಸರ್ ಕೋಶಗಳನ್ನು ಇಲಿಯ ರಕ್ತಕ್ಕೆ ಬಿಟ್ಟು ಎಣಿಸಿದರು. ಕೊನೆಗೆ ಬೇರು ಬಿಟ್ಟವು ಸಾವಿರಕ್ಕೆ ಒಂದೂ ಇಲ್ಲ. ಬದುಕುವ ಕೆಲವು ಹೇಗೆ ಬದುಕುತ್ತವೆ? ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳನ್ನು ಕಂಬಳಿಯಂತೆ ಹೊದ್ದುಕೊಳ್ಳುತ್ತವೆ. ಇಲ್ಲವೇ ಗುಂಪಾಗಿ ಹೋಗುತ್ತವೆ. 2014ರಲ್ಲಿ ಬಾಸ್ಟನ್ನಿನ ಒಂದು ತಂಡ ಲೆಕ್ಕ ಹಾಕಿ ನೋಡಿತು. ಒಂಟಿ ಕೋಶಕ್ಕಿಂತ ಗುಂಪಿಗೆ ಬೇರು ಬಿಡುವ ಶಕ್ತಿ 23ರಿಂದ 50 ಪಟ್ಟು ಹೆಚ್ಚು. ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋದ ಹಾಗೆ.

ಇನ್ನೊಂದು ಸುದ್ದಿ, ಹೇಳಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. 2022ರಲ್ಲಿ ಸ್ವಿಟ್ಜರ್‌ಲೆಂಡಿನ ತಂಡವೊಂದು ಸ್ತನ ಕ್ಯಾನ್ಸರ್ ಇದ್ದ 30 ಮಂದಿ ಹೆಂಗಸರ ರಕ್ತವನ್ನು ಹಗಲೊಂದು ಸಲ, ರಾತ್ರಿಯೊಂದು ಸಲ ತೆಗೆದು ನೋಡಿತು. ಅಲೆಯುವ ಕೋಶಗಳು ಹೆಚ್ಚಾಗಿ ಸಿಕ್ಕಿದ್ದು ನಿದ್ದೆಯ ಹೊತ್ತಿನಲ್ಲಿ. ಹಾಗಂತ ಯಾರೂ ನಿದ್ದೆಗೆಡಬೇಡಿ! ನಿದ್ದೆ ಮಾಡಿದ್ದರಿಂದ ಕ್ಯಾನ್ಸರ್ ಹರಡುತ್ತದೆ ಅಂತ ಅರ್ಥವಲ್ಲ. ಮೈಯ ಹಾರ್ಮೋನುಗಳ ಗಡಿಯಾರವನ್ನು ಈ ಕೋಶಗಳೂ ಕೇಳಿಸಿಕೊಳ್ಳುತ್ತವೆ ಅಂತ.

ಬೀಜ ಎಲ್ಲಿ ಇಳಿಯುತ್ತದೆ? ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟವರು ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್, 1889ರಲ್ಲಿ. ಸ್ತನ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ಮರಣೋತ್ತರ ಪರೀಕ್ಷೆಯ ದಾಖಲೆಗಳನ್ನು ಕೂಡಿಸಿ ನೋಡಿದರು. ಲಿವರಿನಲ್ಲಿ ಗಂಟು ಇದ್ದದ್ದು 241 ಮಂದಿಗೆ. ಗುಲ್ಮದಲ್ಲಿ, ಅಂದರೆ ಸ್ಪ್ಲೀನಿನಲ್ಲಿ, 17 ಮಂದಿಗೆ ಮಾತ್ರ. ಗುಲ್ಮಕ್ಕೆ ರಕ್ತ ಕಡಿಮೆ ಹೋಗುತ್ತದೆಯೇ? ಇಲ್ಲ, ಧಾರಾಳವಾಗಿ ಹೋಗುತ್ತದೆ. ಹಾಗಾದರೆ ಬೀಜ ಬಿದ್ದರೂ ಅಲ್ಲಿ ಮೊಳೆಯುತ್ತಿಲ್ಲ. ಬೀಜ ಎಲ್ಲ ದಿಕ್ಕಿಗೂ ಹಾರುತ್ತದೆ, ಒಗ್ಗುವ ನೆಲದಲ್ಲಿ ಮಾತ್ರ ಬೆಳೆಯುತ್ತದೆ ಅಂದರು ಪ್ಯಾಜೆಟ್.

ಇದನ್ನು ನಮ್ಮ ರೈತರಿಗೆ ಹೇಳಿಕೊಡಬೇಕೇ? ಎರೆಯಲ್ಲಿ ಹತ್ತಿ, ಕಡಲೆ, ಬಿಳಿಜೋಳ. ಮಸಾರಿಯಲ್ಲಿ ಶೇಂಗಾ. ಮಸಾರಿಯಲ್ಲಿ ಹಿಂಗಾರಿ ಕಡಲೆ ಬಿತ್ತುತ್ತೇನೆ ಅಂದರೆ ಅಪ್ಪ ನನ್ನ ಮುಖ ನೋಡುತ್ತಿದ್ದ. ಆದರೆ 1928ರಲ್ಲಿ ಜೇಮ್ಸ್ ಯೂಯಿಂಗ್ ಅನ್ನುವ ಅಮೆರಿಕದ ದೊಡ್ಡ ರೋಗಶಾಸ್ತ್ರಜ್ಞರು, ಅದೆಲ್ಲ ಏನಿಲ್ಲ, ರಕ್ತ ಎಲ್ಲಿಗೆ ಹರಿಯುತ್ತದೋ ಅಲ್ಲಿಗೆ ಕ್ಯಾನ್ಸರ್ ಹೋಗುತ್ತದೆ ಅಂದರು. ಅಂದರೆ ಕಾಲುವೆ ವಾದ. ತುಂಗಭದ್ರೆ ಕಾಲುವೆಯಲ್ಲಿ ನೀರಿನ ಜೊತೆ ಕಸದ ಬೀಜವೂ ಬಂದು ಮೊದಲು ಸಿಗುವ ಗದ್ದೆಗೆ ಇಳಿಯುತ್ತದಲ್ಲ, ಹಾಗೆ. ಎದೆಯ ಕ್ಯಾನ್ಸರ್ ಮೊದಲು ಕಂಕುಳಿನ ಗ್ರಂಥಿಗೆ ಹೋಗುವುದಕ್ಕೆ ಈ ವಾದ ಸರಿ ಹೊಂದುತ್ತದೆ, ಆ ಕಡೆಗೆ ಹರಿವು ಇದೆ. ಗುಲ್ಮದ ಲೆಕ್ಕಕ್ಕೆ ಹೊಂದುವುದಿಲ್ಲ. ಇಬ್ಬರಲ್ಲೂ ಅರ್ಧರ್ಧ ಸತ್ಯ ಇದೆ. ನನ್ನ ಓಟು ಮಾತ್ರ ಪ್ಯಾಜೆಟ್ಟರಿಗೆ.

ಅದಕ್ಕೆ ಮೂಳೆಯೇ ಸಾಕ್ಷಿ. ಸ್ತನ ಕ್ಯಾನ್ಸರ್ ಹೆಚ್ಚಾಗಿ ಹೋಗುವ ಜಾಗ ಮೂಳೆ. ಬೆನ್ನುಮೂಳೆ, ಪಕ್ಕೆಲುಬು, ಸೊಂಟದ ಮೂಳೆ, ತೊಡೆಮೂಳೆಯ ಮೇಲ್ಭಾಗ. ಯಾಕೆ? ಮೂಳೆ ಕಲ್ಲಿನ ಹಾಗೆ ಸತ್ತ ವಸ್ತು ಅಂತ ನಾವು ಅಂದುಕೊಳ್ಳುತ್ತೇವೆ. ಅದು ಎರೆ ಹೊಲದಷ್ಟು ಜೀವಂತ. ದಿನಾ ಒಂದು ಬಗೆಯ ಕೋಶ ಹಳೆ ಮೂಳೆ ಅಗೆಯುತ್ತದೆ, ಇನ್ನೊಂದು ಬಗೆಯದು ಹೊಸದು ಕಟ್ಟುತ್ತದೆ. ಮಜ್ಜೆಯಿಂದ ಕೆಲವು ರಾಸಾಯನಿಕ ಸಂಕೇತ ಹೊರಡುತ್ತವೆ. ಅವನ್ನು ಹಿಡಿಯುವ ಕೊಂಡಿ ಸ್ತನ ಕ್ಯಾನ್ಸರ್ ಕೋಶದ ಮೇಲೆ ಇರುತ್ತದೆ ಅಂತ 2001ರಲ್ಲಿ ಗೊತ್ತಾಯಿತು. ಪರಿಮಳ ಹಿಡಿದು ಬಂದ ಹಾಗೆ ಬರುತ್ತದೆ. ಬಂದು ಕೂತ ಮೇಲೆ ಅಗೆಯುವ ಕೋಶಗಳನ್ನು ಕೆರಳಿಸುತ್ತದೆ. ಅವು ಅಗೆದಷ್ಟೂ ಮೂಳೆಯಲ್ಲಿ ಹುದುಗಿದ್ದ ಪೋಷಕ ಪದಾರ್ಥ ಬಿಡುಗಡೆಯಾಗುತ್ತದೆ. ಅದನ್ನು ತಿಂದು ಕ್ಯಾನ್ಸರ್ ಬೆಳೆಯುತ್ತದೆ, ಇನ್ನೂ ಅಗೆಸುತ್ತದೆ. ಮೂಳೆ ಟೊಳ್ಳಾಗಿ, ಬಿಂದಿಗೆ ಎತ್ತಿದರೂ ಮುರಿಯುವ ಹಂತಕ್ಕೆ ಬರಬಹುದು. ಈ ಅಗೆತ ನಿಲ್ಲಿಸಲು ಜೊಲೆಡ್ರೋನಿಕ್ ಆಸಿಡ್ ಅನ್ನುವ ಇಂಜೆಕ್ಷನ್ ಇದೆ. ಅದು ಬೀಜಕ್ಕೆ ಕೊಡುವ ಔಷಧಿಯಲ್ಲ, ನೆಲಕ್ಕೆ ಕೊಡುವ ಔಷಧಿ. ಪ್ಯಾಜೆಟ್ ಇದ್ದಿದ್ದರೆ ಖುಷಿ ಪಡುತ್ತಿದ್ದರು.

ಈಗ ಚಿಗವ್ವನ ಪ್ರಶ್ನೆ. ಇಲ್ಲದ ಗಡ್ಡೆಗೆ ಯಾಕೆ ಮಾತ್ರೆ?

ಹೊಲದಲ್ಲಿ ಜೇಕು ಕೀಳುವವರಿಗೆ ಇದು ಗೊತ್ತು. ಮೇಲಿನ ಹುಲ್ಲು ಕಿತ್ತು ಬರುತ್ತದೆ, ಗಡ್ಡೆ ನೆಲದೊಳಗೆ ಉಳಿಯುತ್ತದೆ. ಬರಗಾಲ ಬಂದರೂ ಸಾಯುವುದಿಲ್ಲ. ಕಣ್ಣಿಗೆ ಹೊಲ ಸ್ವಚ್ಛ. ಸ್ತನ ಕ್ಯಾನ್ಸರಿನಲ್ಲೂ ಹೀಗೇ. ಗಂಟು ಪತ್ತೆಯಾಗುವ ಮುಂಚೆಯೇ ಕೆಲವು ಕೋಶ ಹೊರಟು ಮಜ್ಜೆಯಲ್ಲಿ ಮಲಗಿರಬಹುದು. ನಾನು ನೆನಪಿಡಿ ಅಂದ ಮಾತು ಇದೇ, ಜೆಸಿಬಿ ಬರುವ ಮುಂಚೆ ಬೀಜ ಹೋಗಿ ಆಗಿತ್ತು. ಈ ಮಲಗಿದ ಕೋಶ ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ.

ಎಷ್ಟು ದಿನ ಮಲಗುತ್ತದೆ ಅನ್ನುವುದು ಕ್ಯಾನ್ಸರಿನ ಜಾತಿಯ ಮೇಲೆ. ಟ್ರಿಪಲ್ ನೆಗೆಟಿವ್ ಅಂತ ಒಂದು ಇದೆ, ಡಾಕ್ಟರು ಕೋಶದಲ್ಲಿ ಹುಡುಕುವ ಮೂರು ಮುಖ್ಯ ಗುರುತುಗಳಲ್ಲಿ ಒಂದೂ ಇಲ್ಲದ ಜಾತಿ. ಅದು ಎದ್ದರೆ ಹೆಚ್ಚಾಗಿ ಮೊದಲ ಐದು ವರ್ಷದೊಳಗೆ ಏಳುತ್ತದೆ. ಈಸ್ಟ್ರೋಜನ್ ಹಾರ್ಮೋನಿಗೆ ಸ್ಪಂದಿಸುವ ಕ್ಯಾನ್ಸರ್ ಹಾಗಲ್ಲ, ಬಹಳ ತಾಳ್ಮೆಯದು. ಐದು ವರ್ಷ ಹಾರ್ಮೋನ್ ತಡೆಯುವ ಮಾತ್ರೆ ಮುಗಿಸಿ, ಆಗ ರೋಗವಿಲ್ಲದೆ ಇದ್ದ 62,923 ಹೆಂಗಸರ ಲೆಕ್ಕ 2017ರಲ್ಲಿ ಪ್ರಕಟವಾಯಿತು. 5ನೇ ವರ್ಷದಿಂದ 20ನೇ ವರ್ಷದವರೆಗೆ ಕ್ಯಾನ್ಸರ್ ದೂರದ ಅಂಗದಲ್ಲಿ ಮತ್ತೆ ಕಾಣಿಸುವುದು ನಿಲ್ಲಲೇ ಇಲ್ಲ. ಮೊದಲ ಗಂಟು ಸಣ್ಣದಿದ್ದು ಕಂಕುಳು ಸ್ವಚ್ಛವಾಗಿದ್ದವರಲ್ಲಿ ಆ ಅಪಾಯ ನೂರಕ್ಕೆ 13ರ ಆಸುಪಾಸು. ಗಂಟು ದೊಡ್ಡದಿದ್ದು ಕಂಕುಳಿನ ನಾಲ್ಕರಿಂದ ಒಂಬತ್ತು ಗ್ರಂಥಿಗೆ ಹೋಗಿದ್ದವರಲ್ಲಿ ನೂರಕ್ಕೆ 41.

ಟ್ಯಾಮಾಕ್ಸಿಫೆನ್ ಮಾಡುವ ಕೆಲಸ ಇಲ್ಲಿ. ಮಲಗಿದ ಕೋಶ ಈಸ್ಟ್ರೋಜನ್ನಿನ ಕರೆಗೆ ಕಾಯುತ್ತಿರುತ್ತದೆ. ಮಾತ್ರೆ ಆ ಕಿವಿಗೆ ಹತ್ತಿ ಇಟ್ಟ ಹಾಗೆ. ಐದು ವರ್ಷ ಬಿಡದೆ ನುಂಗಿದರೆ ಮುಂದಿನ 15 ವರ್ಷದಲ್ಲಿ ಈ ರೋಗದಿಂದ ಸಾಯುವ ಅಪಾಯ ಸುಮಾರು ಮೂರನೇ ಒಂದರಷ್ಟು ಇಳಿಯುತ್ತದೆ. ಕೆಲವರಿಗೆ ಹತ್ತು ವರ್ಷ ಹೇಳುತ್ತಾರೆ. ಮಾತ್ರೆ ಅಗ್ಗದ್ದು, ಆದರೆ ತೊಂದರೆ ಇಲ್ಲದ್ದಲ್ಲ. ಮೈ ಬಿಸಿಯಾಗಿ ಬೆವರುತ್ತದೆ, ಅದೂ ಬಳ್ಳಾರಿಯ ಬಿಸಿಲಿನಲ್ಲಿ! ಮುಟ್ಟು ಏರುಪೇರಾಗುತ್ತದೆ. ಆಗ ಡಾಕ್ಟರಿಗೆ ಹೇಳಿ, ಅವರ ಹತ್ತಿರ ದಾರಿ ಇರುತ್ತದೆ. ಹೇಳದೆ ಬಿಟ್ಟುಬಿಡುವುದು ಕೆಟ್ಟದ್ದು. ಆಶಾ ಅಕ್ಕಂದಿರೇ, ಮನೆ ಮನೆಗೆ ಹೋದಾಗ “ಆಪರೇಷನ್ ಆಯ್ತಾ?” ಅಂತ ಕೇಳುವ ಬದಲು “ಗುಳಿಗಿ ಡಬ್ಬಿ ತೋರ್ಸು” ಅನ್ನಿ. ನಾನು ಅದನ್ನು ಕೇಳಲಿಲ್ಲ.

ಕೆಲವು ಚೀಟಿಗಳು ಬಂದಿವೆ. ಒಂದರಲ್ಲಿ, ಸೂಜಿ ಚುಚ್ಚಿದರೆ, ಚಾಕು ತಾಕಿದರೆ ಕ್ಯಾನ್ಸರ್ ಹರಡುತ್ತದಂತೆ, ನಿಜವೇ ಅಂತ ಇದೆ. ಸೂಜಿ ಪರೀಕ್ಷೆಗೆ ಹೆದರಬೇಡಿ. ಯಾವ ಜಾತಿಯ ಕ್ಯಾನ್ಸರ್ ಅಂತ ತಿಳಿಯದೆ ಯಾವ ಔಷಧಿ ಕೊಡುತ್ತಾರೆ? ಗಾಳಿ ತಾಕಿ ಹರಡುವುದಂತೂ ಶುದ್ಧ ಸುಳ್ಳು. ಜನ ಹೀಗೆ ಅಂದುಕೊಳ್ಳುವುದು ಯಾಕೆ ಅಂತ ನನಗೆ ಅರ್ಥವಾಗುತ್ತದೆ. ತಡವಾಗಿ ಹೋಗುತ್ತಾರೆ, ಅಷ್ಟರಲ್ಲಿ ಬೀಜ ಹೋಗಿರುತ್ತದೆ, ಆಪರೇಷನ್ ಆದ ಆರು ತಿಂಗಳಿಗೆ ಅದು ಕಾಣಿಸುತ್ತದೆ. ಬೈಗುಳ ಚಾಕುವಿಗೆ. ಹಾಗಂತ ಸರ್ಜನ್ನರು ಇದನ್ನು ಯೋಚಿಸದೇ ಬಿಟ್ಟಿಲ್ಲ. ಮುಂಬೈಯ ಟಾಟಾ ಮೆಮೋರಿಯಲ್‌ನ ಡಾ. ರಾಜೇಂದ್ರ ಬಡ್ವೆ ಅವರ ಮುಂದಾಳತ್ವದಲ್ಲಿ ಭಾರತದ ಹಲವು ಆಸ್ಪತ್ರೆಗಳಲ್ಲಿ 1,600 ಹೆಂಗಸರ ಮೇಲೆ ಒಂದು ಪ್ರಯೋಗ ನಡೆಯಿತು. ಗಂಟು ತೆಗೆಯುವ ಮುಂಚೆ ಅದರ ಸುತ್ತ ಲಿಡೊಕೇನ್ ಚುಚ್ಚುವುದು. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುತ್ತಾರಲ್ಲ, ಅದೇ ಅಗ್ಗದ ಔಷಧಿ. 2023ರಲ್ಲಿ ಫಲಿತಾಂಶ ಬಂತು. ಐದು ವರ್ಷದ ನಂತರ ರೋಗ ಮರುಕಳಿಸದೆ ಇದ್ದವರು, ಚುಚ್ಚಿಸಿಕೊಳ್ಳದವರಲ್ಲಿ ನೂರಕ್ಕೆ 82.6, ಚುಚ್ಚಿಸಿಕೊಂಡವರಲ್ಲಿ 86.6. ನಾಲ್ಕರ ವ್ಯತ್ಯಾಸ ಸಣ್ಣದು ಅನ್ನಿಸಬಹುದು. ಆ ನಾಲ್ವರಿಗೆ ಸಣ್ಣದಲ್ಲ.

ಇನ್ನೊಂದು ಚೀಟಿ. ಇಡೀ ಎದೆ ತೆಗೆಸಿದರೆ ಪೂರ್ತಿ ಗುಣವಾಗುತ್ತದೆಯೇ? ಹತ್ತಿರ ನೂರು ವರ್ಷ ವೈದ್ಯರೂ ಹೀಗೇ ನಂಬಿದ್ದರು. ಎದೆಯ ಜೊತೆ ಕೆಳಗಿನ ಸ್ನಾಯುವನ್ನೂ ಕತ್ತರಿಸುತ್ತಿದ್ದರು. ಅಮೆರಿಕದ ಬರ್ನಾರ್ಡ್ ಫಿಶರ್ ಅವರು ಇದನ್ನು ಪರೀಕ್ಷೆಗೆ ಒಡ್ಡಿದರು. 1985ರಲ್ಲಿ ಬಂದ ಫಲಿತಾಂಶ ನೋಡಿದರೆ, ತಕ್ಕ ಗಾತ್ರದ ಗಂಟಿದ್ದಾಗ ಗಂಟು ಮಾತ್ರ ತೆಗೆದು ರೇಡಿಯೇಷನ್ ಕೊಟ್ಟವರೂ, ಇಡೀ ಎದೆ ತೆಗೆಸಿಕೊಂಡವರೂ ಅಷ್ಟೇ ಕಾಲ ಬದುಕಿದ್ದರು. ಬೀಜ ಹೋಗಿದ್ದರೆ ಬದು ಎಷ್ಟು ಅಗಲ ಕಡಿದರೇನು?

ಮೂರನೆಯದು, ವಾಟ್ಸಾಪಿನಲ್ಲಿ ಬರುವ ಸ್ಟೆಮ್ ಸೆಲ್ ಚಿಕಿತ್ಸೆಯ ಜಾಹೀರಾತು. ಹೆಸರು ಒಂದೇ ಅಂತ ಮೋಸ ಹೋಗಬೇಡಿ. ರಕ್ತದ ರೋಗಗಳಿಗೆ ಮಜ್ಜೆ ಕಸಿ ಮಾಡುವುದು ಬೇರೆ, ಅದು ನಿಜವಾದ ಚಿಕಿತ್ಸೆ. ಸ್ತನ ಕ್ಯಾನ್ಸರಿಗೆ ಸ್ಟೆಮ್ ಸೆಲ್ ಚುಚ್ಚಿ ಗುಣಪಡಿಸುತ್ತೇವೆ ಅನ್ನುವವರಿಗೆ ಹೊಲ ಮಾರಿ ದುಡ್ಡು ಕೊಡಬೇಡಿ.

ಕೊನೆಯ ಚೀಟಿ ಒಬ್ಬ ಹುಡುಗಿಯದು. ತಾಯಿಗೆ ಚಿಕಿತ್ಸೆ ಮುಗಿದು ಎಂಟು ವರ್ಷ ಆಗಿದೆ, ಏನು ಗಮನಿಸಬೇಕು ಅಂತ. ಇನ್ನೊಂದು ಎದೆಗೆ ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ. ಮಲಗಿದರೂ ಬಿಡದ, ವಾರ ಕಳೆದಂತೆ ಹೆಚ್ಚುವ ಮೂಳೆ ನೋವು. ಕಾರಣವಿಲ್ಲದ ಕೆಮ್ಮು, ಏದುಸಿರು. ಹೊಸ ಬಗೆಯ ತಲೆನೋವು. ಕಣ್ಣು ಹಳದಿಯಾಗುವುದು. ಇವು ಬಂದರೆ ಕ್ಯಾನ್ಸರೇ ಅಂತಲ್ಲ, ಹೆಚ್ಚಿನ ಸಲ ಬೇರೇನೋ ಇರುತ್ತದೆ. ಆದರೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲ ಮಾತು “ನನಗೆ ಹಿಂದೆ ಎದೆ ಕ್ಯಾನ್ಸರ್ ಆಪರೇಷನ್ ಆಗಿತ್ತು” ಅಂತಲೇ ಇರಬೇಕು.

ನನ್ನ ಚಿಗವ್ವ ಹೇಳಲಿಲ್ಲ. ಒಂಬತ್ತನೇ ವರ್ಷ ಸೊಂಟ ನೋವು ಶುರುವಾಯಿತು. ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ ವಯಸ್ಸಿನ ಸವೆತ ಅಂತ ನೋವಿನ ಮಾತ್ರೆ ಕೊಟ್ಟರು, ಬೆಲ್ಟ್ ಕೊಟ್ಟರು. ಹಿಂದೆ ಏನಾದರೂ ಆಗಿತ್ತಾ ಅಂತ ಅವರು ಕೇಳಲಿಲ್ಲ. ಎದೆಗೂ ಸೊಂಟಕ್ಕೂ ಏನು ಸಂಬಂಧ ಅಂತ ಇವಳೂ ಸುಮ್ಮನಿದ್ದಳು. ಏಳು ತಿಂಗಳು ಹೋಯಿತು. ಹಬ್ಬಕ್ಕೆ ಊರಿಗೆ ಬಂದಾಗ ಅವಳು ಗೋಡೆ ಹಿಡಿದು ಏಳುವುದನ್ನು ನೋಡಿ ನನ್ನ ಕೈಕಾಲು ತಣ್ಣಗಾಯಿತು. ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ಎರಡು ಕಡೆ ಕಂಡಿತು.

ಇದು ಐದು ವರ್ಷದ ಹಿಂದಿನ ಮಾತು. ಅವಳು ಇದ್ದಾಳೆ. ದಿನಾ ಮಾತ್ರೆ, ಮೂಳೆಗೆ ಇಂಜೆಕ್ಷನ್. ಹತ್ತಿ ಬಿಡಿಸುವುದಿಲ್ಲ, ಬಿಡಿಸುವವರನ್ನು ಬೈಯುತ್ತಾಳೆ. ಆಪರೇಷನ್ನಿನ ಹಳೆ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೈಚೀಲದಲ್ಲೇ ಇಟ್ಟುಕೊಂಡಿರುತ್ತಾಳೆ. ಎಲ್ಲಿಗೆ ಹೋದರೂ ಅದನ್ನೇ ಮೊದಲು ಹೊರಗೆ ತೆಗೆಯುತ್ತಾಳೆ. ಹೋದ ತಿಂಗಳು ಹಲ್ಲಿನ ಡಾಕ್ಟರಿಗೂ ತೋರಿಸಿದಳಂತೆ. ಜೊತೆಗೆ ಹೋಗಿದ್ದ ಮಗನಿಗೆ ನಾಚಿಕೆ, ಹಲ್ಲಿಗೂ ಇದಕ್ಕೂ ಏನವ್ವ ಅಂತ. ಡಾಕ್ಟರು ಚೀಟಿ ಓದಿದರು. ಮೂಳೆಯ ಇಂಜೆಕ್ಷನ್ ನಡೆಯುತ್ತಿದೆಯಾ ಅಂತ ಕೇಳಿದರು. ಅದನ್ನು ತೆಗೆದುಕೊಳ್ಳುವವರ ಹಲ್ಲು ಕಿತ್ತರೆ ಕೆಲವೊಮ್ಮೆ ದವಡೆ ಮೂಳೆ ಮಾಯುವುದಿಲ್ಲ. ಇಕ್ಕಳ ಕೆಳಗಿಟ್ಟು ಅವಳ ಕ್ಯಾನ್ಸರ್ ಡಾಕ್ಟರಿಗೆ ಫೋನು ಹಚ್ಚಿದರು.